ಗುಡ್ಡಕ್ಕೊಂದು ಪ್ರದಕ್ಷಿಣೆ

“ಸೈಕಲ್ ಭಾಗ ನನಗೆ ಬಿಟ್ಟುಬಿಡಿ. ಮಂಡ್ಯದವನು ನಾನು, ಹುಟ್ಟಿದ್ದೇ ಸೈಕಲ್ ಮೇಲೆ!” ಎಂದು ಊಟದ ತಟ್ಟೆಯ ಮುಂದೆ ಎದೆ ತಟ್ಟಿಕೊಂಡು ಘೋಷಿಸಿದೆ. ತಟ್ಟಿಕೊಂಡ ಕೈಯಲ್ಲಿ ಸೊಪ್ಪಿನ ಸಾರು ಇದ್ದುದರಿಂದ ಬಿಳಿ ಅಂಗಿಯ ಮೇಲೆ ಐದು ಬೆರಳೂ ಅಚ್ಚಾಗಿ ಮೂಡಿದವು. ಆ ಕಲೆ ಇವತ್ತಿಗೂ ಹೋಗಿಲ್ಲ.

ವಿಷಯ ಇಷ್ಟೇ. ಇಲ್ಲಿ ಅಮೆರಿಕಾದಲ್ಲಿ, ಬೆಳ್ಳುಳ್ಳಿ ಬೆಳೆಗೆ ಹೆಸರಾದ ಗಿಲ್‌ರಾಯ್ ಊರಿನ ಕಡೆಯ ಒಂದು ಕೆರೆಯ ಹತ್ತಿರ ಟ್ರಯಥ್ಲಾನ್ ಎಂಬ ಸ್ಪರ್ಧೆ. ಮೊದಲು ಕೆರೆಯಲ್ಲಿ ಈಜಬೇಕು, ಆಮೇಲೆ ಸೈಕಲ್ಲಿನಲ್ಲಿ ಗುಡ್ಡ ಸುತ್ತಬೇಕು, ಅಷ್ಟಾದ ಮೇಲೂ ಜೀವ ಉಳಿದಿದ್ದರೆ ಓಡಬೇಕು. ಒಬ್ಬರೇ ಮೂರನ್ನೂ ಮಾಡುವ ಪುಣ್ಯಾತ್ಮರಿದ್ದಾರೆ. ಆಗದವರು ಮೂವರು ಸೇರಿ ತಂಡ ಕಟ್ಟಿಕೊಂಡು ಹಂಚಿಕೊಳ್ಳಬಹುದು. ನಮ್ಮ ತಂಡದಲ್ಲಿ ಈಜುವುದಕ್ಕೆ ಮಗಳು ಕಾವ್ಯಾ. ಕಾಲೇಜಿನಿಂದ ರಜೆಗೆ ಬಂದಿದ್ದಳು, ಹೈಸ್ಕೂಲಿನಲ್ಲಿ ಈಜಿ ಕಪ್ ಗೆದ್ದವಳು. ಓಡುವುದಕ್ಕೆ ನನ್ನ ಹೆಂಡತಿ ತೇಜಸ್ವಿನಿ. ನಡುವಿನ ಸೈಕಲ್ಲಿಗೆ ಮಾತ್ರ ಜನ ಬೇಕಾಗಿತ್ತು.

ತೇಜಸ್ವಿನಿಗೆ ಇದು ಬರೀ ಆಟವಾಗಿರಲಿಲ್ಲ. ಚಳಿಗಾಲ ಪೂರ್ತಿ, ಬೆರ್ರಿಯೆಸಾ ಬಡಾವಣೆಯ ನಮ್ಮ ಬೀದಿಯೆಲ್ಲ ಹೊದ್ದು ಮಲಗಿದ್ದಾಗ, ಅವಳು ಹಣೆಗೆ ದೀಪ ಕಟ್ಟಿಕೊಂಡು ಹಳ್ಳದ ಪಕ್ಕದ ದಾರಿಯಲ್ಲಿ ಓಡಿದ್ದಳು. ಹೋದ ವರ್ಷವೇ ಹೆಸರು ಕೊಟ್ಟಿದ್ದಳು. ಕಾಲು ಉಳುಕಿ, ಹಗ್ಗದ ಈಚೆ ನಿಂತು ಬೇರೆಯವರಿಗೆ ಚಪ್ಪಾಳೆ ತಟ್ಟಿ ಬಂದಿದ್ದಳು. ಈ ಸಲ ಓಡಲೇಬೇಕೆಂಬ ಹಟ. ಆದರೆ ತಂಡದ ನಿಯಮ ಬಲು ಕಠೋರ. ಸೈಕಲ್ಲಿನವನು ಹಿಂದಿರುಗಿ ಬಂದು, ತನ್ನ ಕಾಲಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿ ಓಡುವವರಿಗೆ ಕೊಡಬೇಕು. ಅವನು ಹೊತ್ತು ಮೀರಿ ಬಂದರೆ ಓಡುವವರನ್ನು ಬಿಡುವುದೇ ಇಲ್ಲ.

“ರೀ, ಪ್ರದ್ಯುಮ್ನ ಅವರನ್ನ ಕೇಳೋಣ್ವಾ? ದಿನಾ ಆಫೀಸಿಗೆ ಸೈಕಲ್ಲಲ್ಲೇ ಹೋಗ್ತಾರೆ. ಅವರಿಗಿನ್ನೂ ಯಾವ ಟೀಮೂ ಸಿಕ್ಕಿಲ್ವಂತೆ.”

ಪ್ರದ್ಯುಮ್ನ ನನ್ನ ಆಫೀಸಿನವನು, ಮೈಸೂರಿನವನು. ಹೊಟ್ಟೆ ಇರಬೇಕಾದ ಜಾಗದಲ್ಲಿ ಅವನಿಗೆ ನೇರವಾಗಿ ಬೆನ್ನೇ ಶುರುವಾಗುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಮನೇಲಿ ಗಂಡ ಅನ್ನೋನು ಇರೋವಾಗ ಹೊರಗಿನೋರು ಯಾಕೆ?”

“ಗಂಡ ಇದಾನೆ, ಸರಿ. ಗುಡ್ಡ ಹತ್ತುತಾನಾ ಅಂತ ನನ್ನ ಪ್ರಶ್ನೆ,” ಎಂದಳು ತೇಜಸ್ವಿನಿ, ಸಾರಿನ ಪಾತ್ರೆ ನನ್ನಿಂದ ದೂರ ಸರಿಸುತ್ತ. “ಒಂದು ಕೆಲಸ ಮಾಡಿ. ರೇಸಿಗೆ ಮುಂಚೆ ಹೋಗಿ ಆ ದಾರೀಲಿ ಒಂದ್ಸಲ ಓಡಿಸಿ ನೋಡ್ಕೊಂಡು ಬನ್ನಿ. ಆಗ್ಲಿಲ್ಲ ಅಂದ್ರೆ ಹೆಸರು ಬದಲಾಯಿಸೋಕೆ ಮುಂದಿನ ಭಾನುವಾರ ಸಾಯಂಕಾಲದವರೆಗೂ ಟೈಮಿದೆ.”

ಹೀಗೆ ನನ್ನ ದಿಗ್ವಿಜಯ ಯಾತ್ರೆ ನಿಗದಿಯಾಯಿತು.

ಆ ಶನಿವಾರ ತೇಜಸ್ವಿನಿಗೆ ದೂರದ ಓಟದ ಅಭ್ಯಾಸವಿತ್ತು, ಬರಲಿಲ್ಲ. ನನ್ನ ಹಿಂದೆ ಬೆಂಗಾವಲಿನ ಕಾರು ಓಡಿಸಲು ಕಾವ್ಯಾ ಒಪ್ಪಿದಳು. ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಅತ್ತೆ ಸಣ್ಣತಾಯಮ್ಮ. ಹಾಸನದ ಹತ್ತಿರದ ಹಳ್ಳಿಯಿಂದ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಳಿಯನೆಂದರೆ ಅವರಿಗೆ ಬಲು ಗೌರವ. ಈ ಮನೆಯಲ್ಲಿ ನನ್ನನ್ನು ಬಹುವಚನದಲ್ಲಿ ಮನಸಾರೆ ಕರೆಯುವವರು ಅವರೊಬ್ಬರೇ.

ಹೊಸ ಸೈಕಲ್ಲಿಗೆ ಅತ್ತೆ ಅರಿಶಿನ ಕುಂಕುಮ ಹಚ್ಚಿದರು, ಊದುಬತ್ತಿ ಬೆಳಗಿದರು, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣು ಜಜ್ಜುವುದು ಕಾರಿನ ಚಕ್ರದ ಕೆಲಸ. ಹೆಬ್ಬೆರಳಿನಷ್ಟು ದಪ್ಪದ ಸೈಕಲ್ ಚಕ್ರಕ್ಕೆ ಅದು ಬಗ್ಗಲಿಲ್ಲ. ಹಣ್ಣು ಒಂದು ಕಡೆ ಉರುಳಿತು, ನಾನು ಇನ್ನೊಂದು ಕಡೆ. ಎದುರು ಮನೆಯವರು ಬಾಗಿಲು ತೆರೆದು ನೋಡಿ, ಮರ್ಯಾದಸ್ಥರಾದ್ದರಿಂದ ಮತ್ತೆ ಮುಚ್ಚಿಕೊಂಡರು.

“ಅಳಿಯಂದ್ರೆ, ಪೆಟ್ಟಾಗ್ನಿಲ್ಲ ತಾನೆ? ಆ ಚಡ್ಡಿ ಮ್ಯಾಲೊಂದು ಪಂಚೆ ಉಟ್ಕಳಿ, ಬೈಲಲ್ಲಿ ಜನ ಇರ್ತರೆ,” ಎಂದರು ಅತ್ತೆ, ಮುಖ ಆ ಕಡೆ ತಿರುಗಿಸಿಕೊಂಡು. ಮೈಗೆ ಅಂಟಿಕೊಳ್ಳುವ ಆ ಚಡ್ಡಿ ಗಾಳಿಯನ್ನು ಸೀಳುವುದಕ್ಕಾಗಿ ಇರುವುದೆಂದು ಅವರಿಗೆ ವಿವರಿಸುವ ಧೈರ್ಯ ನನಗಾಗಲಿಲ್ಲ.

ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋದೆವು. ಬೆಳ್ಳುಳ್ಳಿಯ ವಾಸನೆ ಕಾರಿನೊಳಗೆ ಬಂದಾಗ ಊರು ಬಂತೆಂದು ಗೊತ್ತಾಯಿತು. ಕೆರೆಯ ಹತ್ತಿರ ಇಳಿದು ಹೆಲ್ಮೆಟ್ಟು ಹಾಕಿಕೊಂಡೆ. ಅದರ ನೆತ್ತಿಯ ಮೇಲೆ ಕಾವ್ಯಾ ಪುಟ್ಟ ಕ್ಯಾಮೆರಾ ಸಿಕ್ಕಿಸಿದಳು. ಮೊದಲೊಂದಿಷ್ಟು ದೂರ ಸಪಾಟು ದಾರಿ, ನಾನು ರಾಜಗಾಂಭೀರ್ಯದಿಂದ ಹೋದೆ. ಆಮೇಲೆ ಎದುರಿಗೆ ಗುಡ್ಡ ಬಂತು. ಅದರ ಬುಡದಲ್ಲಿ ರಸ್ತೆ ಎರಡಾಗಿ ಕವಲೊಡೆದು, ಗುಡ್ಡವನ್ನು ಸುತ್ತಿ, ಮತ್ತೆ ಅಲ್ಲಿಗೇ ಬಂದು ಸೇರುತ್ತದೆ.

ನಾನು ಬಲಕ್ಕೆ ತಿರುಗುವುದರಲ್ಲಿದ್ದೆ. ಹಿಂದಿನಿಂದ ಕಾರಿನ ಹಾರನ್ನು.

“ಅಳಿಯಂದ್ರೆ, ವಸಿ ತಡೀರಿ,” ಎಂದರು ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ. “ಮ್ಯಾಲೆ ಗುಡಿ ಅದೆ ನೋಡಿ. ಗುಡ್ಡ ಬಲಗೈಗೆ ಬರಂಗೆ ಸುತ್ತಬೇಕು. ಎಡಗೈಗೆ ಬುಟ್ಕಂಡು ಓದ್ರೆ ಒಳ್ಳೇದಾಗಕಿಲ್ಲ.”

ತಲೆಯೆತ್ತಿ ನೋಡಿದೆ. ಗುಡ್ಡದ ನೆತ್ತಿಯಲ್ಲಿ ಬೆಳ್ಳಗೆ ದುಂಡಗೆ ಏನೋ ಹೊಳೆಯುತ್ತಿತ್ತು. 

“ಅಜ್ಜಿ, ದಟ್ಸ್ ಎ ವಾಟರ್ ಟ್ಯಾಂಕ್,” ಎಂದಳು ಕಾವ್ಯಾ.

“ನೀರೂ ದ್ಯಾವ್ರೇ ಕನವ್ವ,” ಎಂದು ಅತ್ತೆ ಕೈಮುಗಿದರು.

“ಅಪ್ಪಾ, ಮ್ಯಾಪಲ್ಲಿ ಆ್ಯರೋ ರೈಟಿಗಿದೆ. ಐ ಥಿಂಕ್ ವಿ ಗೋ ರೈಟ್.”

ಇಲ್ಲಿ ನನ್ನೊಳಗಿನ ಇಂಜಿನಿಯರು ಎದ್ದು ಕೂತ. “ನೋಡಮ್ಮ, ಇದು ಸುತ್ತು. ಈ ಕಡೆಯಿಂದ ಹೋದ್ರೂ ಅಷ್ಟೇ ಉದ್ದ, ಆ ಕಡೆಯಿಂದ ಹೋದ್ರೂ ಅಷ್ಟೇ ಉದ್ದ. ಎಷ್ಟು ಹತ್ತುತೀವೋ ಅಷ್ಟೇ ಇಳೀತೀವಿ. ಲೆಕ್ಕ ಒಂದೇ. ಸುಮ್ನೆ ಅಜ್ಜಿ ಮನಸ್ಸು ಯಾಕೆ ನೋಯಿಸ್ಬೇಕು?” ಗುಡ್ಡ ಬಲಗೈಗೆ ಬರಬೇಕಾದರೆ ಎಡಕ್ಕೆ ತಿರುಗಬೇಕು, ತಿರುಗಿದೆ. ನನ್ನ ಮುಂದೆ ಇದ್ದ ಇಬ್ಬರು ಸೈಕಲ್ಲಿನವರು ಬಲಕ್ಕೆ ಹೋದರು. ಬೆಳ್ಳುಳ್ಳಿ ಕೊಳ್ಳಲು ಹೋಗುತ್ತಿರಬೇಕು ಎಂದುಕೊಂಡೆ.

ಏನು ದಾರಿ ಅದು! ಏರೋ ಸಪಾಟೋ ಎಂದು ಗೊತ್ತಾಗದಷ್ಟು ಮೆಲ್ಲಗೆ ಮೇಲಕ್ಕೆ ಕರೆದೊಯ್ಯುತ್ತದೆ. ಎರಡೂ ಕಡೆ ಓಕ್ ಮರದ ನೆರಳು, ಹಸುಗಳು, ತಂಪು ಗಾಳಿ. ಎರಡು ಕಡೆ ನಿಂತೆ, ಅದೂ ಫೋಟೋ ತೆಗೆಯುವುದಕ್ಕೆ. ಮೂರನೆಯ ಕಡೆ ಅತ್ತೆ ಕೋಡುಬಳೆ ಕೊಟ್ಟರು. ಬೆವರು ಹನಿಯುವ ಮೊದಲೇ ನೆತ್ತಿ ತಲುಪಿ, ಟ್ಯಾಂಕಿಗೆ ನಾನೂ ಒಂದು ನಮಸ್ಕಾರ ಹಾಕಿದೆ.

ಆಮೇಲೆ ಇಳಿಜಾರು. ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ರಸ್ತೆ ಕಾಲ ಕೆಳಗಿನಿಂದ ಜಾರಿಹೋಯಿತು. ಬ್ರೇಕು ಕಿರುಚಿತು, ನಾನೂ ಕಿರುಚಿದೆ. ಎದುರಿನಿಂದ ಸೈಕಲ್ಲಿನವರು ಬರತೊಡಗಿದರು. ನನ್ನ ಹಾಗೇ ರೇಸಿನ ಅಭ್ಯಾಸಕ್ಕೆ ಬಂದವರು, ಒಬ್ಬರಲ್ಲ, ಇಬ್ಬರಲ್ಲ, ಸಾಲುಗಟ್ಟಿ. ಮುಖ ಬೀಟ್‌ರೂಟಿನ ಬಣ್ಣ, ಬಾಯಿ ತೆರೆದಿದೆ, ಕೆಲವರು ಇಳಿದು ಸೈಕಲ್ಲು ತಳ್ಳುತ್ತಿದ್ದಾರೆ. ಪಾಪ, ಮ್ಯಾಪು ನೋಡಲು ಬಾರದ ಜನ, ಇಷ್ಟೊಂದು ಮಂದಿ ತಪ್ಪು ದಿಕ್ಕಿನಲ್ಲಿ ಸಾಯುತ್ತಿದ್ದಾರಲ್ಲ!

“ರಾಂಗ್ ವೇ! ರಾಂಗ್ ವೇ!” ಎಂದು ಕೂಗುತ್ತ ಇಳಿದೆ. ಉತ್ತರ ಕೊಡಲು ಯಾರಿಗೂ ಉಸಿರಿರಲಿಲ್ಲ. ಒಬ್ಬರು ಮಾತ್ರ ನಿಂತರು. ಹಳದಿ ಹೆಲ್ಮೆಟ್ಟು, ಬಿಳಿ ಗಡ್ಡ, ಸಭ್ಯ ಮುಖದ ಅಜ್ಜ. ಅವರಿಗೆ ಸುತ್ತಿನ ಸಿದ್ಧಾಂತವನ್ನೂ ರೇಸಿನ ದಿಕ್ಕನ್ನೂ ಬಿಡಿಸಿ ಹೇಳಿದೆ. ಅವರು ತಲೆದೂಗಿ, ಥ್ಯಾಂಕ್ಸ್ ಹೇಳಿ, ಅಷ್ಟು ಕಷ್ಟಪಟ್ಟು ಹತ್ತಿದ್ದನ್ನೆಲ್ಲ ಬಿಟ್ಟು ನನ್ನ ಜೊತೆಗೇ ತಿರುಗಿ ಇಳಿದರು. ಎಡಕ್ಕೆ ಹೋಗುವ ದಾರಿಯನ್ನು ಕವಲಿನಲ್ಲಿ ತೋರಿಸಿ ಬೀಳ್ಕೊಟ್ಟೆ. ಇಪ್ಪತ್ತು ವರ್ಷದ ಅಮೆರಿಕಾ ವಾಸದಲ್ಲಿ ನನ್ನ ಮಾತಿಗೆ ಚಕಾರವೆತ್ತದೆ ಬೆಲೆ ಕೊಟ್ಟ ಏಕೈಕ ಮನುಷ್ಯ ಅವರು.

ಸಂಜೆ ಮನೆಯಲ್ಲಿ ತೇಜಸ್ವಿನಿ ಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತ ಕೇಳಿದಳು: “ಏರು ಹೇಗಿತ್ತು?”

“ಏರಾ? ನಮ್ಮನೆ ಮೆಟ್ಟಿಲು ಇದಕ್ಕಿಂತ ಕಷ್ಟ.”

“ಕವಲು ದಾಟಿದ ತಕ್ಷಣ ಗೋಡೆ ಥರ ಇದೆ ಅಂತ ಎಲ್ರೂ ಹೆದರಿಸ್ತಾರಲ್ರೀ.”

“ಹೆದರೋರು ಹೆದರಿಸ್ತಾರೆ ಕಣೆ. ನೀನು ಶೂ ಕಟ್ಕೊಂಡು ರೆಡಿಯಾಗಿರು, ನಾನು ಬಂದೇ ಬಿಡ್ತೀನಿ.”

ಅವಳು ನಕ್ಕಳು. ಒಳಗಿನಿಂದ ಬಂದ ನಗು. ನನ್ನ ಮೇಲೆ ಅವಳಿಗೆ ಅಷ್ಟೊಂದು ಭರವಸೆ ಬಂದದ್ದನ್ನು ನೋಡಿ ನನಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲಿ ಮಾಡಬಾರದ ಕೆಲಸವೊಂದನ್ನು ಮಾಡಿದೆ. ನಮ್ಮ ಕನ್ನಡ ಕೂಟದಿಂದ ಆ ರೇಸಿಗೆ ಇನ್ನೂ ಎರಡು ತಂಡಗಳು ಹೋಗುತ್ತಿದ್ದವು. ಅವರೆಲ್ಲರನ್ನೂ ಮುಂದಿನ ಶನಿವಾರ ಸಂಜೆ ಮನೆಗೆ ಕರೆದೆ. ಊಟ ಅವರವರು ತರುವುದು, ಉಪನ್ಯಾಸ ನನ್ನದು. ವಿಷಯ: ‘ಗುಡ್ಡವನ್ನು ಗೆಲ್ಲುವ ಬಗೆ’. ಹೊಟ್ಟೆ ಉರಿದುಕೊಳ್ಳಲಿ ಎಂದು ಪ್ರದ್ಯುಮ್ನನನ್ನೂ ಕರೆದೆ.

ಬಂದವರೆಲ್ಲ ಬಿಸಿಬೇಳೆಬಾತಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಟಿವಿಯ ಮುಂದೆ ಕೂತರು. ಹೆಲ್ಮೆಟ್ಟಿನ ಕ್ಯಾಮೆರಾ ತೆಗೆದ ವಿಡಿಯೋ ಹಾಕಿದೆ. ಮೆಲ್ಲನೆಯ ಏರು, ಹಸುಗಳು, ಕೋಡುಬಳೆ. “ಇಲ್ಲಿ ಉಸಿರು ಉಳಿಸಿಕೊಳ್ಳಬೇಕು,” ಎಂದು ಕೋಲಿನಿಂದ ತೋರಿಸಿದೆ. ಜನ ತಲೆದೂಗಿದರು. ಇಳಿಜಾರು ಬಂತು. ಟಿವಿಯಲ್ಲಿ ಎದುರಿನಿಂದ ಬೀಟ್‌ರೂಟು ಮುಖಗಳು ಬರತೊಡಗಿದವು.

ಪ್ರದ್ಯುಮ್ನ ಮೆಲ್ಲಗೆ ಕೈಯೆತ್ತಿದ. “ಶಿವರಾಮು ಅವರೇ, ವಿಡಿಯೋ ಉಲ್ಟಾ ಓಡ್ತಾ ಇದೆಯಾ?”

“ಇಲ್ಲವಲ್ಲ.”

“ಮತ್ತೆ ಇವರೆಲ್ಲ ಯಾಕೆ ಎದುರಿಗೆ ಬರ್ತಾ ಇದಾರೆ?”

“ಅವರು ದಾರಿ ತಪ್ಪಿದವರು.”

“ಎಲ್ಲರೂನಾ?”

ಅಷ್ಟರಲ್ಲಿ ಟಿವಿಯೊಳಗಿನ ನಾನು ಗಂಟಲು ಹರಿಯುವಂತೆ “ರಾಂಗ್ ವೇ!” ಎಂದು ಕೂಗಿದೆ. ಬಿಳಿ ಗಡ್ಡದ ಅಜ್ಜ ಪರದೆಯ ತುಂಬ ಬಂದು ಥ್ಯಾಂಕ್ಸ್ ಹೇಳಿದರು. ಕಾವ್ಯಾ ರೇಸಿನವರ ಮ್ಯಾಪನ್ನು ಟಿವಿಗೆ ಹಾಕಿದಳು. ಕವಲಿನಿಂದ ಬಲಕ್ಕೆ ಕೆಂಪು ಬಾಣ, ಆನೆಯಷ್ಟು ದೊಡ್ಡದು.

“ಅವ್ರು ಅಪ್ರದಕ್ಷಿಣೆ ಆಕುದ್ರೆ ಅದು ಅವ್ರ ತಪ್ಪು, ನಮ್ಮಳಿಯಂದ್ರುದಲ್ಲ,” ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಇಡೀ ಸಭೆಯಲ್ಲಿ ನನ್ನ ಪರವಾಗಿ ಬಿದ್ದ ಮತ ಅದೊಂದೇ.

ಎಲ್ಲರೂ ಹೋದ ಮೇಲೆ ತೇಜಸ್ವಿನಿ ಉಳಿದ ಬಾತನ್ನು ಡಬ್ಬಿಗೆ ತುಂಬುತ್ತ, “ನಾಳೆ ಬೆಳಿಗ್ಗೆ ಹೋಗೋಣ. ನಾನೂ ಬರ್ತೀನಿ,” ಎಂದಳು.

ಭಾನುವಾರ ಬೆಳಿಗ್ಗೆ ಮತ್ತೆ ಅದೇ ಕವಲು. ಬಲಕ್ಕೆ ತಿರುಗಿದೆ. ಎದುರಿಗೆ ರಸ್ತೆ ಇರಲಿಲ್ಲ, ಗೋಡೆ ಇತ್ತು. ಹೋದ ವಾರ ನಾನು ಕಿರುಚುತ್ತ ಇಳಿದದ್ದು ಇದನ್ನೇ. ಇರುವ ಗೇರುಗಳನ್ನೆಲ್ಲ ಹಾಕಿ ಮುಗಿಸಿದೆ. ಇನ್ನೊಂದು ಗೇರು ಇರಬಹುದೆಂದು ಗುಂಡಿಯನ್ನು ಒತ್ತುತ್ತಲೇ ಇದ್ದೆ. ಹ್ಯಾಂಡಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡಿತು. ತೊಡೆಗಳು ಪ್ರತ್ಯೇಕವಾಗಿ ನಡುಗಲು ಶುರುಮಾಡಿದವು. ಕಾರು ನನ್ನ ಹಿಂದೆ ದೀಪ ಮಿನುಗಿಸುತ್ತ, ಹೆಣದ ಮೆರವಣಿಗೆಯ ವೇಗದಲ್ಲಿ ಬರುತ್ತಿತ್ತು.

ತೇಜಸ್ವಿನಿ ಕಾರಿನಿಂದಿಳಿದು ನನ್ನ ಪಕ್ಕದಲ್ಲಿ ನಡೆಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಹಿಂದಿರುಗಿ ನೋಡಿ ಹೇಳಿದಳು:

“ರೀ, ನಾನು ನಡೀತಾ ಇದೀನಿ. ನೀವು ಸೈಕಲ್ ಮೇಲಿದೀರಾ. ನಾನೇ ಮುಂದೆ ಇದೀನಿ.”

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಮಾತಿಗೆ ಖರ್ಚಾದ ಉಸಿರು ಚಕ್ರಕ್ಕೆ ಸಾಲದೆ ಸೈಕಲ್ಲು ನಿಂತಿತು. ನನ್ನ ಬೂಟುಗಳು ಪೆಡಲಿಗೆ ಕಚ್ಚಿಕೊಳ್ಳುವ ಜಾತಿಯವು. ಬಿಡಿಸಿಕೊಳ್ಳುವುದನ್ನು ಇನ್ನೂ ಕಲಿತಿರಲಿಲ್ಲ. ಕಡಿದ ಬಾಳೆಗಿಡದಂತೆ ನಿಧಾನವಾಗಿ, ಸಕಲ ಮರ್ಯಾದೆಯೊಂದಿಗೆ ಪಕ್ಕಕ್ಕೆ ಒರಗಿದೆ.

“ಎಡಗೈಗೆ ಬುಟ್ಕಂಡು ಸುತ್ತಕ್ಕೋದ್ರೆ ಇನ್ನೇನಾದದು,” ಎಂದರು ಅತ್ತೆ ಕಾರಿನೊಳಗಿಂದ.

ಅದೇ ಹೊತ್ತಿಗೆ ಹಿಂದಿನಿಂದ ಹಳದಿ ಹೆಲ್ಮೆಟ್ಟು ಬಂತು. ಅಜ್ಜ ಏದುಸಿರು ಬಿಡುತ್ತ ಹತ್ತುತ್ತಿದ್ದರು. ರಸ್ತೆಯ ಮೇಲೆ ಸೈಕಲ್ಲಿನ ಸಮೇತ ಮಲಗಿದ್ದ ನನ್ನನ್ನು ನೋಡಿದರು, ಗುರುತು ಹಿಡಿದರು. ಒಂದು ನೋಟ ನೋಡಿ ಮುಂದೆ ಹೋದರು. ಆ ನೋಟ ಮಂಡಿಯ ತರಚುಗಾಯಕ್ಕಿಂತ ಹೆಚ್ಚು ಉರಿಯಿತು.

ತೇಜಸ್ವಿನಿ ನನ್ನ ಬೂಟು ಬಿಡಿಸಿದಳು, ಎಬ್ಬಿಸಿ ಕೂರಿಸಿದಳು. ಅವಳ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ಜಗಳವಾಡಿಯಾದರೂ ಗೆಲ್ಲುತ್ತಿದ್ದೆ. ಸಿಟ್ಟಿರಲಿಲ್ಲ. ಹೋದ ವರ್ಷ ಹಗ್ಗದ ಈಚೆ ನಿಂತಿದ್ದಾಗಿನ ಮುಖವೇ ಇತ್ತು. ಅವಳು ಒಮ್ಮೆ ಗುಡ್ಡದ ನೆತ್ತಿಯನ್ನು ನೋಡಿದಳು, ಒಮ್ಮೆ ಸವೆದ ತನ್ನ ಶೂಗಳನ್ನು ನೋಡಿಕೊಂಡಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

“ತೇಜು, ಪ್ರದ್ಯುಮ್ನನಿಗೆ ಫೋನ್ ಮಾಡು.”

“ಬೇಜಾರಿಲ್ವಾ ನಿಮಗೆ?”

“ಮೊದ್ಲು ಉಸಿರು ಬರ್ಲಿ. ಆಮೇಲೆ ಬೇಜಾರು ಮಾಡ್ಕೋತೀನಿ.”

ಅವಳು ನನ್ನ ಬೆನ್ನು ಸವರಿ, ಅಲ್ಲೇ ರಸ್ತೆಯ ಅಂಚಿನಲ್ಲಿ ಕೂತು ಫೋನು ತೆಗೆದಳು. ಸಂಜೆಯೊಳಗೆ ಹೆಸರು ಬದಲಾಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ರೇಸಿನವರು ಸ್ವಯಂಸೇವಕರು ಬೇಕೆಂದು ಕೇಳಿದ್ದರು. ಗುಡ್ಡದ ಬುಡದ ಕವಲಿನಲ್ಲಿ ನಿಂತು ದಿಕ್ಕು ತೋರಿಸಲು ಒಬ್ಬರು, ಆ ದಾರಿಯನ್ನು ಮೊದಲೇ ನೋಡಿದವರಾದರೆ ಉತ್ತಮ ಎಂದಿದ್ದರು. “ನಮ್ಮೋರು ಎರಡೂ ಕಡೆಯಿಂದ ನೋಡಿದಾರೆ,” ಎಂದು ತೇಜಸ್ವಿನಿ ನನ್ನ ಹೆಸರು ಕೊಟ್ಟುಬಿಟ್ಟಳು.

ರೇಸಿನ ದಿನ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಕೈಯಲ್ಲಿ ಬಾವುಟ ಹಿಡಿದು ಕವಲಿನಲ್ಲಿ ನಿಂತೆ. ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು ಅತ್ತೆ. ಸೈಕಲ್ಲುಗಳು ಬರತೊಡಗಿದವು. ನಾನು ಬಾವುಟವನ್ನು ಬಲಕ್ಕೆ ಬೀಸಿದೆ, ಅವರು ಬಲಕ್ಕೆ ತಿರುಗಿದರು. ಇಷ್ಟು ಜನ ನನ್ನ ಮಾತು ಕೇಳುವುದನ್ನು ನೋಡಿ ನನ್ನ ಎದೆ ಮತ್ತೆ ಉಬ್ಬತೊಡಗಿತು. ಅತ್ತೆ ಮಾತ್ರ ಒಬ್ಬೊಬ್ಬರನ್ನೂ ನೋಡಿ ಲೊಚಗುಟ್ಟುತ್ತಿದ್ದರು.

ಪ್ರದ್ಯುಮ್ನ ಬಂದ, ಗೋಡೆಯನ್ನು ಗೋಡೆಯೆಂದು ಲೆಕ್ಕಿಸದೆ ಹತ್ತಿಹೋದ. ಬಹಳ ಹೊತ್ತಾಗುವ ಮೊದಲೇ ಆ ಕಡೆಯ ರಸ್ತೆಯಿಂದ ಇಳಿದು ಬಂದು ಕೆರೆಯತ್ತ ಹಾರಿದ. ಸ್ವಲ್ಪ ಹೊತ್ತಿಗೆ ಕಾವ್ಯಾಳ ಫೋನು: “ಅಪ್ಪಾ, ಅಮ್ಮ ಓಡ್ತಿದಾಳೆ. ಶೀ ಈಸ್ ಸ್ಮೈಲಿಂಗ್.” ನನ್ನ ಕಣ್ಣು ತುಂಬಿ ಬಂತು. ಬಾವುಟದಿಂದಲೇ ಒರೆಸಿಕೊಂಡೆ.

ಒರೆಸಿಕೊಂಡು ಕಣ್ಣು ತೆರೆದಾಗ ಎದುರಿಗೆ ಹಳದಿ ಹೆಲ್ಮೆಟ್ಟು. ಕೆರೆಯಿಂದ ತಡವಾಗಿ ಎದ್ದ ಕೊನೆಯ ಸವಾರ, ಬಿಳಿ ಗಡ್ಡದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ನಾನು ಬಾವುಟವನ್ನು ಬಲಕ್ಕೆ ಬೀಸಿದೆ. ಅವರು ಬ್ರೇಕು ಹಿಡಿದರು. ನನ್ನನ್ನು ನೋಡಿದರು, ಬಾವುಟವನ್ನು ನೋಡಿದರು. ಬಳಿಕ ಕುರ್ಚಿಯಲ್ಲಿದ್ದ ಅತ್ತೆಯತ್ತ ತಿರುಗಿದರು. ಬೆಳಗ್ಗೆಯಿಂದ ತಡೆದುಕೊಂಡಿದ್ದ ಅತ್ತೆಗೆ ಆ ವಯಸ್ಸಾದ ಜೀವವನ್ನು ನೋಡಿ ಇನ್ನು ತಡೆಯಲಾಗಲಿಲ್ಲ. ಕೊಡೆ ಮಡಿಸಿ ಅದರ ತುದಿಯಿಂದ ಎಡಕ್ಕೆ ತೋರಿಸಿದರು. “ಇಂಗೋಗಪ್ಪ, ಒಳ್ಳೇದಾಯ್ತದೆ.”

ಅಜ್ಜ ಒಂದು ಕ್ಷಣವೂ ಯೋಚಿಸಲಿಲ್ಲ. ಅತ್ತೆಗೆ ತಲೆಬಾಗಿ ಎಡಕ್ಕೆ ತಿರುಗಿ ಹೊರಟೇಬಿಟ್ಟರು.

ನಾನು ಬಾವುಟ ಎತ್ತಿಕೊಂಡು ಹಿಂದೆ ಓಡಿದೆ. ಆ ದಾರಿಯ ಏರು ಎಷ್ಟು ಸಲೀಸು ಎಂದು ನನಗಿಂತ ಚೆನ್ನಾಗಿ ಬಲ್ಲವರಾರು? ಅಜ್ಜ ಓಕ್ ಮರಗಳ ನೆರಳಿನಲ್ಲಿ ಹಾಯಾಗಿ ಹೋಗುತ್ತಿದ್ದರು. ಮೇಲಂಗಿ ಬಿಚ್ಚಿಹೋಯಿತು, ಹಸುಗಳು ತಲೆಯೆತ್ತಿ ನೋಡಿದವು. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ, ಜೀವನದಲ್ಲಿ ಮೊದಲ ಬಾರಿಗೆ ಸರಿಯಾಗಿ, ಕೂಗಿದೆ: “ರಾಂಗ್ ವೇ! ರಾಂಗ್ ವೇ!”

ಅವರು ತಿರುಗಿಯೂ ನೋಡದೆ ಕೈ ಬೀಸಿದರು.

“ದಟ್ಸ್ ವಾಟ್ ಯೂ ಸೆಡ್ ಲಾಸ್ಟ್ ಟೈಮ್.”